ಗಾಜಿನ ತೊಟ್ಟಿಯಲ್ಲಿ ಒಂದು ಉಪ್ಪಿನ ಬಯಲು

ಮಾರ್ಚ್ 2

ಮಂಡ್ಯದ ನಮ್ಮ ಓದುಗರ ಕೂಟದಲ್ಲಿ ಏಪ್ರಿಲ್ ತಿಂಗಳ ಚರ್ಚೆಗೆ ವಿಷಯ ಗೊತ್ತಾಯಿತು: 'ನೆಲದಡಿಯ ಉಪ್ಪುನೀರಿನಿಂದ ಲಿಥಿಯಂ ತೆಗೆಯುವುದು ಪರಿಸರಕ್ಕೆ ಹೊರೆಯೇ?' ಚಿಲಿ, ಅರ್ಜೆಂಟೀನಾದ ಮಾತು ನಮಗ್ಯಾಕೆ ಎಂದು ಒಬ್ಬರು ಕೇಳಿದರು. ನನಗೆ ಅದು ದೂರದ ವಿಷಯ ಅನಿಸಲಿಲ್ಲ. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ಕಾಬಿಲ್, ಅರ್ಜೆಂಟೀನಾದ ಕಟಮಾರ್ಕಾದಲ್ಲಿ ಐದು ಲಿಥಿಯಂ ಬ್ಲಾಕುಗಳಿಗೆ ಒಪ್ಪಂದ ಮಾಡಿಕೊಂಡಿದೆ. ಒಟ್ಟು 15,703 ಹೆಕ್ಟೇರ್. ಅಲ್ಲಿ ಏನಾದರೂ ಕೆಟ್ಟರೆ ಅದರಲ್ಲಿ ನಮಗೂ ಪಾಲಿದೆ, ಅಲ್ವಾ?

ಇನ್ನೊಬ್ಬರು 'ನಮ್ಮ ಮರಳಗಾಲದಲ್ಲೂ ಇದೇ ತಾನೆ' ಎಂದರು. ಇದೇ ಅಲ್ಲ. 2021ರಲ್ಲಿ ನಮ್ಮ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಕಡೆ 1,600 ಟನ್ ಲಿಥಿಯಂ ಇರಬಹುದು ಎಂದು ಅಂದಾಜಿಸಿದ್ದು ಬಂಡೆಯಲ್ಲಿ. ಬಂಡೆಯಾದರೆ ಒಡೆಯಬೇಕು, ಪುಡಿ ಮಾಡಬೇಕು, ಸಾವಿರ ಡಿಗ್ರಿಗೂ ಮೇಲೆ ಸುಡಬೇಕು, ಆಮೇಲೆ ಆಸಿಡ್ ಹಾಕಬೇಕು. ಉಪ್ಪುನೀರಾದರೆ ಮೇಲೆತ್ತಿ ಬಿಸಿಲಿಗೆ ಬಿಡುವುದು. ಹಾಗಾಗಿ ಉರುವಲಿನ ಲೆಕ್ಕದಲ್ಲಿ ಉಪ್ಪುನೀರೇ ಹಗುರ. ಜಗಳ ಇರುವುದು ನೀರಿನ ಲೆಕ್ಕದಲ್ಲಿ.

ಸುಮ್ನೆ ಓದಿ ಮಾತಾಡುವ ಬದಲು ಕೈಯಲ್ಲಿ ಮಾಡಿ ನೋಡಬೇಕು ಅಂದುಕೊಂಡಿದ್ದೇನೆ.

ಮಾರ್ಚ್ 9

ಮೊದಲು ತಾರಸಿ. ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ. ಒಂದರಲ್ಲಿ ನಲ್ಲಿ ನೀರು. ಇನ್ನೊಂದರಲ್ಲಿ ಕಲ್ಲುಪ್ಪು, ಕಬ್ಬಿಗೆ ಹಾಕುವ ಕೆಂಪು ಪೊಟ್ಯಾಶ್, ಎಪ್ಸಮ್ ಉಪ್ಪು ಕರಗಿಸಿದ ನೀರು. ಲಿಥಿಯಂ ಇಲ್ಲ. ಅದರ ಜೊತೆಗಿರುವ ಉಪ್ಪುಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡುವುದಷ್ಟೇ ಉದ್ದೇಶ.

ಸಪ್ಪೆ ನೀರು ಐದು ದಿನದಲ್ಲಿ ಆರಿತು. ಉಪ್ಪುನೀರು ಗಟ್ಟಿಯಾದಂತೆಲ್ಲ ನಿಧಾನವಾಯಿತು. ಮೊದಲು ಅಡುಗೆ ಉಪ್ಪಿನ ಚೌಕ ಹರಳು ಕೂತವು. ಕೊನೆಗೆ ಉಳಿದದ್ದು ಎಣ್ಣೆಯಂಥ ಜಿಗುಟು ದ್ರವ. ಎಷ್ಟು ಬಿಸಿಲು ಬಿದ್ದರೂ ಅದು ಆರಲಿಲ್ಲ. ಚಿಲಿಯ ಅಟಕಾಮಾ ಉಪ್ಪಿನ ಬಯಲಿನಲ್ಲೂ ಉಪ್ಪುನೀರನ್ನು ಕೊಳದಿಂದ ಕೊಳಕ್ಕೆ ಸಾಗಿಸುತ್ತಾ ಬೇರೆ ಉಪ್ಪುಗಳನ್ನು ಒಂದೊಂದಾಗಿ ಇಳಿಸುತ್ತಾರೆ, ಲಿಥಿಯಂ ಕೊನೆಯ ದ್ರವದಲ್ಲಿ ಉಳಿಯುತ್ತದೆ. ಅದಕ್ಕೆ 12ರಿಂದ 18 ತಿಂಗಳು ಬೇಕು. ಅಷ್ಟೂ ದಿನ ನೀರು ಆಕಾಶಕ್ಕೆ ಹೋಗುತ್ತಲೇ ಇರುತ್ತದೆ, ಮರಳಿ ಬರುವುದಿಲ್ಲ.

ಮಾರ್ಚ್ 16

'ಒಂದು ಟನ್ ಲಿಥಿಯಂಗೆ 20 ಲಕ್ಷ ಲೀಟರ್ ನೀರು' ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಇವತ್ತು ಕೂತು ಲೆಕ್ಕ ಹಾಕಿದೆ. ಒಂದು ಲೀಟರ್ ಉಪ್ಪುನೀರಿನಲ್ಲಿ 2 ಗ್ರಾಂ ಲಿಥಿಯಂ ಇದ್ದು, ಅದರಲ್ಲಿ ಅರ್ಧ ಕೈಗೆ ಸಿಕ್ಕರೆ, ಒಂದು ಟನ್ ಲೋಹಕ್ಕೆ 10 ಲಕ್ಷ ಲೀಟರ್ ಬೇಕು. ಲಿಥಿಯಂ ಕಡಿಮೆ ಇರುವ ಕಡೆ 20 ಲಕ್ಷವೂ ದಾಟುತ್ತದೆ. ಆದರೆ ಮಾರಾಟವಾಗುವುದು ಲಿಥಿಯಂ ಕಾರ್ಬೊನೇಟ್. ಅದರ ಒಂದು ಟನ್ನಿನಲ್ಲಿ ಲೋಹ ಬರೀ 188 ಕಿಲೋ. ಯಾವ ಟನ್ ಎಂದು ಹೇಳದೆ ಸಂಖ್ಯೆ ಹೇಳಿದರೆ ಐದು ಪಟ್ಟು ವ್ಯತ್ಯಾಸ ಬರುತ್ತದೆ. ಎರಡೂ ಕಡೆಯವರು ಇಲ್ಲೇ ಜಾರುತ್ತಾರೆ. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯೊಂದಕ್ಕೆ 300 ಗ್ರಾಂ ಲಿಥಿಯಂ ಲೋಹ ಎಂದು ಹಿಡಿದರೆ ಇದೇ ಲೆಕ್ಕದಲ್ಲಿ ಸುಮಾರು 300 ಲೀಟರ್ ಉಪ್ಪುನೀರು.

ಕಂಪನಿಗಳ ವಾದ ಏನೆಂದರೆ, ಇದು ಕುಡಿಯುವ ನೀರಲ್ಲ, ದನಕ್ಕೂ ಆಗುವುದಿಲ್ಲ, ಬೆಳೆಗೂ ಆಗುವುದಿಲ್ಲ. ನಿಜ. ಆದರೆ ಪಕ್ಕದ ತೋಟದ ಕೊಳವೆಬಾವಿ ಆಳಕ್ಕೆ ಹೋದಾಗ ನಮ್ಮಜ್ಜನ ತೆರೆದ ಬಾವಿ ಬತ್ತಿದ್ದನ್ನು ನಾನು ಕಂಡಿದ್ದೇನೆ. ನಮ್ಮ ಬಾವಿಗೆ ಯಾರೂ ಕೈ ಹಾಕಿರಲಿಲ್ಲ.

ಮಾರ್ಚ್ 23

ಮೈಸೂರಿನಿಂದ ಎರಡು ಅಡಿಯ ಮೀನಿನ ತೊಟ್ಟಿ ತಂದೆ. ಎಂ-ಸ್ಯಾಂಡ್ ತೊಳೆದು ತುಂಬಿದೆ. ಎಡಗಡೆ ಎತ್ತರ, ಅದು ಆಂಡಿಸ್ ಬೆಟ್ಟ. ಬಲಗಡೆ ತಗ್ಗು, ಅದು ಸಲಾರ್, ಅಂದರೆ ಉಪ್ಪಿನ ಬಯಲು. ಬಲಕ್ಕೆ ಕೇಸರಿಬಾತಿನ ಬಣ್ಣ ಹಾಕಿದ ಗಟ್ಟಿ ಉಪ್ಪುನೀರು. ಎಡಕ್ಕೆ ಗ್ಲೂಕೋಸ್ ಡ್ರಿಪ್ಪಿನ ನಳಿಕೆಯಿಂದ ತೊಟ್ಟು ತೊಟ್ಟಾಗಿ ಸಪ್ಪೆ ನೀರು.

ಎರಡು ಗಂಟೆಯಾದ ಮೇಲೆ ನೋಡಿದೆ. ಸಪ್ಪೆ ನೀರು ಇಳಿಜಾರಿನಲ್ಲಿ ಬಂದು ಭಾರದ ಉಪ್ಪುನೀರಿಗೆ ತಾಗಿ, ಕೆಳಗೆ ಹೋಗಲಾಗದೆ ಮೇಲೆದ್ದು, ಇಳಿಜಾರಿನ ಬುಡದಲ್ಲಿ ಒಂದು ಬೆರಳಗಲದ ತಿಳಿಕೊಳ ಆಗಿತ್ತು! ತುಂಬ ಹೊತ್ತು ನೋಡುತ್ತಾ ಕೂತೆ. ಅಟಕಾಮಾದ ಅಂಚಿನ ಕೊಳಗಳು ಹುಟ್ಟುವುದು ಹೀಗೆಯೇ. ಫ್ಲೆಮಿಂಗೋಗಳು ಮೇಯುವುದು ಅಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಲಿಕಾನ್ ಅಂತಾಯ್ ಜನರ ಕುರಿ, ಲಾಮಾಗಳಿಗೆ ಹಸಿರು ಸಿಗುವುದೂ ಬೆಟ್ಟದಿಂದ ಬರುವ ಇದೇ ನೀರಿನಿಂದ.

ಆಮೇಲೆ ಬಲ ತುದಿಯಿಂದ ಸಿರಿಂಜಿನಲ್ಲಿ ಬರೀ ಕೇಸರಿ ನೀರನ್ನು ಎಳೆದೆ. ತಿಳಿನೀರನ್ನು ಮುಟ್ಟಲೇ ಇಲ್ಲ. ಒಂದು ಗಂಟೆಯೊಳಗೆ ಕೊಳ ಇಂಗಿಹೋಯಿತು.

ಮಾರ್ಚ್ 30

ನೋಡಿದವರೊಬ್ಬರು ನ್ಯಾಯವಾದ ಪ್ರಶ್ನೆ ಕೇಳಿದರು. ಎಲ್ಲ ಕಡೆ ಬರೀ ಮರಳೇ ಇರುತ್ತದೆಯೇ? ಇರುವುದಿಲ್ಲ. ಆದ್ದರಿಂದ ಕೊಳದ ಅಡಿಗೆ ಕೆರೆಗೋಡು ತಂದು ಒಂದಂಗುಲ ಮೆತ್ತಿ ಮತ್ತೆ ಮಾಡಿದೆ. ಈ ಸಲ ಒಂದು ಗಂಟೆಯಲ್ಲಿ ಏನೂ ಆಗಲಿಲ್ಲ. ಎರಡು ಗಂಟೆಗೂ ಇಲ್ಲ. ಜೇಡಿ ಕಾಪಾಡಿತು ಎಂದು ಮಲಗಿದೆ. ಬೆಳಿಗ್ಗೆ ಎದ್ದಾಗ ಕೊಳ ಅರ್ಧ ಇಳಿದಿತ್ತು. ಬರೀ ಆರಿದ್ದೇ ಇರಬಹುದು ಎಂದು ಇನ್ನೊಂದು ರಾತ್ರಿ, ಉಪ್ಪುನೀರು ಎಳೆಯದೆ, ಡ್ರಿಪ್ ಅದೇ ವೇಗದಲ್ಲಿಟ್ಟು ನೋಡಿದೆ. ಇಳಿಯಲಿಲ್ಲ.

ನನ್ನ ಇಡೀ ವಾದ ಈಗ ಇದೇ. ಉಪ್ಪುನೀರು ನೀರೋ ಖನಿಜವೋ ಎಂದು ವೇದಿಕೆಯಲ್ಲಿ ಎಷ್ಟು ವಾದಿಸಿದರೂ ಉಪಯೋಗವಿಲ್ಲ. ಅಡಿಯಲ್ಲಿ ಎರಡು ನೀರಿಗೂ ನಂಟಿದೆಯೇ, ಎಷ್ಟು ಬಿಗಿ, ತೊಂದರೆ ಮೇಲೆ ಕಾಣಲು ಎಷ್ಟು ವರ್ಷ ಬೇಕು, ಇವನ್ನು ಪಂಪ್ ಶುರುವಾಗುವ ಮುಂಚೆಯೇ ಅಳೆದಿಡಬೇಕು. ಒಂದು ಗಂಟೆ ನೋಡಿ 'ಏನೂ ಆಗಿಲ್ಲ' ಎಂದು ಬರೆದಿದ್ದರೆ ನಾನೂ ತಪ್ಪು ಹೇಳುತ್ತಿದ್ದೆ.

ಕಟಮಾರ್ಕಾದ ಓಂಬ್ರೆ ಮುಯೆರ್ತೊ ಸಲಾರಿನಲ್ಲಿ ಟ್ರಾಪಿಚೆ ನದಿ ಒಣಗಿದ್ದು ಗಣಿ ಸಪ್ಪೆ ನೀರನ್ನೂ ಎಳೆದದ್ದರಿಂದ. ಅದು ಇನ್ನೊಂದು ಲೆಕ್ಕ. 2024ರ ಮಾರ್ಚ್‌ನಲ್ಲಿ ಆ ಪ್ರಾಂತ್ಯದ ನ್ಯಾಯಾಲಯ ಅಲ್ಲಿ ಹೊಸ ಪರವಾನಗಿಗೆ ತಡೆ ಕೊಟ್ಟಿತು. ಎಲ್ಲ ಯೋಜನೆಗಳ ಒಟ್ಟು ಪರಿಣಾಮ ಮೊದಲು ನೋಡಿ ಎಂದಿತು.

ಏಪ್ರಿಲ್ 6

ನಿನ್ನೆ ಸಂಜೆ ಮಳೆ. ತಾರಸಿಯ ತಟ್ಟೆಯ ಹರಳೆಲ್ಲ ಕರಗಿತು. ಅಟಕಾಮಾದಂಥ ಒಣ ನೆಲವೇ ಯಾಕೆ ಬೇಕು ಎಂದು ವಿವರಿಸಲು ಆ ತಟ್ಟೆ ಹಾಗೇ ಇರಲಿ.

ಇನ್ನೊಂದು ದಾರಿಯನ್ನೂ ನೋಡಿದೆ. ಬಿಸಿಲಿಗೆ ಬಿಡದೆ, ಲಿಥಿಯಂ ಮಾತ್ರ ಹೀರಿಕೊಂಡು ಉಳಿದ ನೀರನ್ನು ನೆಲಕ್ಕೆ ವಾಪಸ್ ಬಿಡುವ ವಿಧಾನ. ತೊಟ್ಟಿಯಲ್ಲಿ ಎಳೆದ ಕೇಸರಿ ನೀರನ್ನು ದೂರದ ಬಲ ತುದಿಗೇ ವಾಪಸ್ ಸುರಿದಾಗ ಕೊಳ ಮತ್ತೆ ತುಂಬಿತು, ತಿಳಿಯಾಗಿಯೇ. ಕೊಳದ ಹತ್ತಿರ ಸುರಿದಾಗಲೂ ತುಂಬಿತು, ಆದರೆ ಕೇಸರಿಯಾಗಿ. ಎರಡನ್ನೂ ಚರ್ಚೆಯ ದಿನ ಮಾಡಿ ತೋರಿಸುತ್ತೇನೆ.

ಏಪ್ರಿಲ್ 12

ನಾಳೆ ಚರ್ಚೆ. ಮರಳು ಬಕೆಟ್ಟಿನಲ್ಲಿ, ತೊಟ್ಟಿ ಆಟೋದಲ್ಲಿ. ಜೇಡಿ ಪದರದ ಮಾದರಿಗೆ ರಾತ್ರಿಯಿಡೀ ಬೇಕು, ಅದಕ್ಕೆ ಅದನ್ನು ಇವತ್ತು ಸಂಜೆಯೇ ಅಲ್ಲಿ ಕೂರಿಸಿ ಬಂದೆ. ಡ್ರಿಪ್ ಬಿಟ್ಟಾಗಿದೆ. ಕೊಳದ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದೆ: 6.40. ಸಿರಿಂಜ್ ಮುಟ್ಟಿದ್ದು ಅದಾದ ಮೇಲೆ.