ಹೊಗಳಿಕೆನಾ ಸರ್, ಬೈಗುಳನಾ?

ನಮ್ಮ ಆಫೀಸಿನ ಸೆನ್ಸಿಟಿವಿಟಿ ಟೂಲ್ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಯಾರಿಗಾದರೂ ನೋವಾಗಬಹುದಾದ ಪದಗಳ ಪಟ್ಟಿ ಇಟ್ಟುಕೊಂಡು ಸ್ಕ್ರಿಪ್ಟ್ ಜಾಲಾಡುತ್ತದೆ, ಅಷ್ಟೇ. ಅರ್ಥ ಗೊತ್ತಿಲ್ಲ.

ಮಕ್ಕಳಿಗಾಗಿ ನಾವು ಮಾಡುತ್ತಿದ್ದದ್ದು ಬ್ರಿಟಿಷ್ ಸಾಮ್ರಾಜ್ಯದ ಕಾಲದ ಕವಿತೆಗಳ ಆಡಿಯೋ ಮಾಡ್ಯೂಲ್. ಬಹುಪಾಲು ಇಂಗ್ಲಿಷ್ ಕವಿ ರಡ್ಯಾರ್ಡ್ ಕಿಪ್ಲಿಂಗ್ ಬರೆದವು. ಅಮೆರಿಕ ಫಿಲಿಪೀನ್ಸನ್ನು ಹಿಡಿಯುತ್ತಿದ್ದಾಗ, 1899ರಲ್ಲಿ ಬಂದ 'ದಿ ವೈಟ್ ಮ್ಯಾನ್ಸ್ ಬರ್ಡನ್' ಹಾಕಿದ ಕೂಡಲೇ ಟೂಲ್ ಕೆಂಪಾಯಿತು. ಅಲ್ಲಿನ ಜನರನ್ನು ಅರ್ಧ ಸೈತಾನ, ಅರ್ಧ ಮಗು ಅನ್ನುವ ಪದ್ಯ. ಅದರ ಟೀಚರ್ ನೋಟ್ ಸುತ್ತಿನ ಮೇಲೆ ಸುತ್ತು ರಿವ್ಯೂ ಆಯಿತು. 1890ರ 'ಗಂಗಾ ದೀನ್'ಗೆ ಮಾತ್ರ ಹಸಿರು. ನಾನೂ ಸೈನ್‌ಆಫ್ ಮಾಡಿದೆ. ಕೊನೆಯಲ್ಲಿ ಬಿಳಿ ಸೈನಿಕನೇ ನೀರು ಹೊರುವ ಭಾರತೀಯ ಗಂಗಾ ದೀನನಿಗೆ 'ನೀನು ನನಗಿಂತ ದೊಡ್ಡ ಮನುಷ್ಯ' ಅನ್ನುತ್ತಾನಲ್ಲ, ಮಾಡ್ಯೂಲ್‌ಗೆ ಬ್ಯಾಲೆನ್ಸ್ ಬರುತ್ತದೆ ಅಂತ ನನ್ನ ಲೆಕ್ಕ.

ರೆಕಾರ್ಡಿಂಗ್ ದಿನ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ. ವಾಯ್ಸ್ ಆರ್ಟಿಸ್ಟ್ ಸೈನಿಕನ ಧಾಟಿ ಹಿಡಿದು ಚೆನ್ನಾಗಿ ಓದುತ್ತಿದ್ದರು. ದೀನನ ಚರ್ಮ ಕೊಳಕಾದರೂ ಒಳಗೆ ಅವನು ಅಪ್ಪಟ ಬಿಳಿ ಅನ್ನುವ ಸಾಲು ಬಂತು. ನಿಂತರು. ಟಾಕ್‌ಬ್ಯಾಕ್‌ನಲ್ಲಿ ಕೇಳಿದರು: "ಇದನ್ನ ಯಾವ ಟೋನ್‌ನಲ್ಲಿ ಹೇಳ್ಲಿ? ಹೊಗಳಿಕೆನಾ ಸರ್, ಬೈಗುಳನಾ?"

"ಹೊಗಳಿಕೆ. ಪ್ರೀತಿಯಿಂದ ಹೇಳಿ" ಅಂದೆ.

ಪ್ರೀತಿಯಿಂದಲೇ ಹೇಳಿದರು. ಪ್ಲೇಬ್ಯಾಕ್ ಕೇಳಿದಾಗ ಇಂಜಿನಿಯರ್ ತಲೆ ಎತ್ತಲಿಲ್ಲ, ನನಗೆ ಬೆವರು. ಹಂಗಿಸುವ ದನಿಯಲ್ಲಿದ್ದರೆ ಯಾವನೋ ಒಬ್ಬ ಒರಟ ಸೈನಿಕನ ಮಾತು ಅಂತ ತಳ್ಳಿಹಾಕಬಹುದಿತ್ತು, ಅಕ್ಕರೆಯಿಂದ ಹೇಳಿದ ಮೇಲೆ ಒಳ್ಳೆಯತನ ಅಂದರೇನೇ ಬಿಳಿ, ಕಪ್ಪು ಮನುಷ್ಯನಲ್ಲಿ ಅದು ಕಂಡರೆ ಒಳಗೆಲ್ಲೋ ಬಿಳಿ ಅಡಗಿರಬೇಕು ಅನ್ನುವುದು ಹಾಗೇ ಕಿವಿಗೆ ಬಿತ್ತು. ಇನ್ನೊಂದು ಟೇಕ್ ಸಪ್ಪೆಯಾಗಿ ತೆಗೆದೆವು. ಅದು ಇನ್ನೂ ಕೆಟ್ಟದಾಗಿತ್ತು. ಅಷ್ಟರಲ್ಲಿ ಮ್ಯಾನೇಜರ್ ಮೆಸೇಜು: "ಯಾಕೆ ಲೇಟು? ಟೂಲ್ ಪಾಸ್ ಮಾಡಿದೆ ಅಲ್ವಾ?"

ಅಲ್ಲೇ ಕೂತು ಪದ್ಯವನ್ನು ಮತ್ತೆ ಓದಿದೆ. ನೀರು ತಡವಾದರೆ ಹೊಡೆಯುತ್ತಾರೆ. ಗಾಯಗೊಂಡ ಸೈನಿಕನಿಗೆ ನೀರು ಕುಡಿಸಿದ ದೀನನಿಗೇ ಗುಂಡು ಬೀಳುತ್ತದೆ. ಸಾಯುವಾಗಲೂ ಅವನು ನೀರು ಹಿಡಿಸಿತಾ ಅಂತಲೇ ವಿಚಾರಿಸುತ್ತಾನೆ. ಕಡೆಗೆ ಆ ಸೈನಿಕ, ನರಕದಲ್ಲೂ ಇವನ ಕೈಯಿಂದ ಒಂದು ಗುಟುಕು ಸಿಗುತ್ತದೆ ಅಂತ ನೆಮ್ಮದಿಪಡುತ್ತಾನೆ. ಸತ್ತ ಮೇಲೂ ಡ್ಯೂಟಿ! ಈ ಪದ್ಯವನ್ನು ನಾನು 'ಪಾಸಿಟಿವ್' ಫೋಲ್ಡರ್‌ಗೆ ಹಾಕಿದ್ದೆ.

ಮಾತು ಸೈನಿಕನದ್ದು, ಕವಿಯದ್ದಲ್ಲ ಅಂತ ಟೀಮಿನಲ್ಲಿ ಒಬ್ಬರು ವಾದ ಮಾಡಿದರು. ಒಪ್ಪತಕ್ಕದ್ದೇ. ಆದರೆ ಬರ್ಡನ್ ಪದ್ಯದಲ್ಲಿ ಯಾವ ಸೈನಿಕನೂ ಇಲ್ಲ. ಜಲಿಯನ್‌ವಾಲಾ ಬಾಗ್ ಆದ ಮೇಲೆ, 1920ರಲ್ಲಿ, ಡೈಯರ್‌ಗಾಗಿ ಎತ್ತಿದ ನಿಧಿಗೆ ಹಣ ಕೊಟ್ಟವರಲ್ಲಿ ಕಿಪ್ಲಿಂಗೂ ಒಬ್ಬರು. ಸೈನಿಕನ ಬೆನ್ನ ಹಿಂದೆ ಕವಿಯನ್ನು ಎಷ್ಟು ಅಂತ ಅಡಗಿಸೋದು?

ಪದ್ಯವನ್ನು ತೆಗೆಯಲಿಲ್ಲ, ಕತ್ತರಿಸಲೂ ಇಲ್ಲ. ಬರ್ಡನ್ ಪಕ್ಕದಲ್ಲೇ ಇಟ್ಟೆವು. ಎರಡೂ ಟೇಕ್ ಹಾಕಿ, ಆರ್ಟಿಸ್ಟ್ ಕೇಳಿದ ಪ್ರಶ್ನೆಯನ್ನೇ ಮಕ್ಕಳಿಗೆ ಕೇಳಿದೆವು. ಕ್ಲೈಂಟ್‌ಗೆ ಖುಷಿಯಾಯಿತು. ಟೌನ್‌ಹಾಲ್ ಮೀಟಿಂಗಿನಲ್ಲಿ ಮ್ಯಾನೇಜರ್ ಶಹಬ್ಬಾಸ್ ಹೇಳಿದ್ದು ಮಾತ್ರ ಟೂಲ್‌ಗೆ.

ಟೂಲ್ ಬಗ್ಗೆ ನಾನು ದೂರಿನ ಟಿಕೆಟ್ ಹಾಕಿದ್ದಕ್ಕೆ ಅದರ ಪಟ್ಟಿಗೆ 'ಬಿಳಿ' ಸೇರಿಸಿದ್ದಾರೆ. ಈಗ ಹಿಮದ ಬಗ್ಗೆ ಇರುವ ಒಂದು ಮಕ್ಕಳ ಪದ್ಯ ಕೆಂಪಾಗಿ ನನ್ನ ಕ್ಯೂನಲ್ಲಿ ಕೂತಿದೆ.