ಕಾಲು ಹಿಡಿಯಲು ಒಂದು ರೋಬೋ

ಮನೆಯಲ್ಲೇ ಗಾಯದ ಬ್ಯಾಂಡೇಜ್ ಬದಲಿಸಲು ಸಹಾಯ ಮಾಡುವ ರೋಬೋ ಒಂದನ್ನು ನಾವು ಕೆಲವು ಗೆಳೆಯರು ಸೇರಿ ಮಾಡುತ್ತಿದ್ದೇವೆ. ಕಾಲು ಎತ್ತುವುದರಿಂದ ಹಿಡಿದು ಪಟ್ಟಿ ಸುತ್ತುವ ತನಕ ಎಲ್ಲವನ್ನೂ ಯಂತ್ರವೇ ಮಾಡಬೇಕು ಅಂತ ಒಬ್ಬನ ವಾದ. ಸುತ್ತುವ ಕೆಲಸ ಯಂತ್ರಕ್ಕೆ ಬೇಡ ಅಂತ ನನ್ನದು. ಮಣಿಪಾಲದ ರೂಮಿನಲ್ಲಿ ಕೂತು ತೀರುವ ಜಗಳ ಅಲ್ಲ ಇದು. ಅದಕ್ಕೆ ಎಲ್ಲರನ್ನೂ ಕಟಪಾಡಿಯ ನನ್ನ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ.

ದೊಡ್ಡಮ್ಮನಿಗೆ ಶುಗರ್. ಮೆಟ್ಟಿಲಿಗೆ ತಾಗಿ ಎಡಗಾಲಿನಲ್ಲಿ, ಪಾದದ ಗಂಟಿನಿಂದ ಸ್ವಲ್ಪ ಮೇಲೆ ಆದ ಗಾಯ ಮಾಗದೆ ಉಳಿದುಬಿಟ್ಟಿದೆ. ದಿನಾ ಡ್ರೆಸ್ಸಿಂಗ್ ಆಗಬೇಕು. ಮಗ ಮುಂಬೈಯಲ್ಲಿ. ಪಕ್ಕದ ಮನೆಯ ಅಕ್ಕ ಕೆಲಸಕ್ಕೆ ಹೊರಡುವ ಮೊದಲು ಬಂದು ಕಾಲು ಎತ್ತಿ ಹಿಡಿಯುತ್ತಾರೆ.

ಹಳೆಯ ಗಾಜ್ ಬಟ್ಟೆ ಒಣಗಿ ಗಾಯಕ್ಕೆ ಅಂಟಿತ್ತು. ಅದರ ಮೇಲೆ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ಶುದ್ಧ ನೀರು, ಹಾಕಿ ನೆನೆಯಲು ಬಿಡಬೇಕು. ಒಣಗಿದ್ದನ್ನೇ ಎಳೆದರೆ ಹೊಸದಾಗಿ ಮೂಡುತ್ತಿರುವ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಇದು ಆ ಅಕ್ಕನಿಗೂ ಚೆನ್ನಾಗಿ ಗೊತ್ತು. ಆದರೆ ಎತ್ತಿ ಹಿಡಿದ ಕಾಲು ಭಾರ. ಮೊಣಕಾಲಿನಿಂದ ಕೆಳಗಿನ ಭಾಗವೇ ಮೈತೂಕದ ನೂರಕ್ಕೆ 6 ಪಾಲು ಇರುತ್ತದೆ. 60 ಕೆಜಿಯವರಿಗೆ ಹೆಚ್ಚುಕಮ್ಮಿ ಮೂರೂವರೆ ಕೆಜಿ. ಕುಕ್ಕರುಗಾಲಿನಲ್ಲಿ ಕೂತು ಅಷ್ಟನ್ನು ಹಿಡಿದಿದ್ದ ಅವರ ಕೈ ನಡುಗಲು ಶುರುವಾಯಿತು. ಬಸ್ಸಿನ ಹೊತ್ತೂ ಆಗಿತ್ತು. "ಅಮ್ಮಾ, ತೆಗೆಯುವಾ ಅಲ್ವಾ?" ಅಂದರು. ಬಟ್ಟೆಯ ಒಂದು ಮೂಲೆ ಇನ್ನೂ ಒಣಗಿಯೇ ಇತ್ತು. ಎಳೆದ ಜಾಗದಲ್ಲಿ ರಕ್ತ ಜಿನುಗಿತು. ದೊಡ್ಡಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಶುಗರಿನಿಂದ ನರ ಸೋತ ಕಾಲು ಅದು, ನೋವು ಗೊತ್ತಾಗುವುದಿಲ್ಲ. ಕಿರುಚಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಸ್ಟೂಲ್ ಮೇಲೆ ಕಾಲಿಟ್ಟರೆ ಸಾಕಲ್ವಾ ಅಂತ ಗೆಳೆಯ ಕೇಳಿದ. ಇಟ್ಟರೆ ಬ್ಯಾಂಡೇಜಿನ ಸುರುಳಿ ಕಾಲಿನ ಅಡಿಯಿಂದ ಆಚೆಗೆ ದಾಟುವುದಿಲ್ಲ. ಕಾಲು ಗಾಳಿಯಲ್ಲೇ ನಿಲ್ಲಬೇಕು.

ಆಮೇಲೆ ಸುತ್ತಿದ್ದು ದೊಡ್ಡಮ್ಮನೇ. ವರ್ಷಗಟ್ಟಲೆ ಬೀಡಿ ಕಟ್ಟಿದ ಬೆರಳು ಅವರದು. ಪಾದದಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ, ಎಲ್ಲೂ ಸುಕ್ಕಿಲ್ಲದೆ ಸುತ್ತಿದರು. ಮುಗಿಸಿ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬಿಳುಚಿದ ಉಗುರಿಗೆ ತಕ್ಷಣ ಕೆಂಪು ವಾಪಸ್ ಬಂತು. ಪಟ್ಟಿ ಬಿಗಿಯಾದರೆ ರಕ್ತ ಹರಿಯುವುದು ಕಮ್ಮಿಯಾಗುತ್ತದೆ, ಹೀಗೆ ನೋಡಿಕೊಳ್ಳಬೇಕು ಅಂತ ನರ್ಸ್ ಹೇಳಿಕೊಟ್ಟಿದ್ದರಂತೆ.

"ನಂಗೆ ಸುತ್ತಲಿಕ್ಕೆ ಬರ್ತದೆ ಮಗಾ. ಕಾಲು ಹಿಡೀಲಿಕ್ಕೆ ಜನ ಇಲ್ಲ, ಅಷ್ಟೇ" ಅಂದರು.

ಗೆಳೆಯ ಮತ್ತೆ ವಾದ ಮಾಡಲಿಲ್ಲ. ಯಂತ್ರ ಬಿಗಿಯಾಗಿ ಸುತ್ತಿದರೆ ಉರಿ, ನೋವು ಅಂತ ಹೇಳಬೇಕಾದ ಕಾಲೇ ಇಲ್ಲಿ ಸುಮ್ನಿರುತ್ತದೆ. ಅಂಥ ಕಾಲಿನ ಬಿಗಿ ಸಡಿಲ ನೋಡಲು ದೊಡ್ಡಮ್ಮನ ಬೆರಳು, ಕಣ್ಣು ಬೇಕೇ ಬೇಕು. ಕೈ ಚೆನ್ನಾಗಿರುವ ಮನುಷ್ಯರಿಂದ ಅವರ ಕೆಲಸ ಕಿತ್ತುಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ.

ಅಲ್ಲೇ ಜಗಲಿಯಲ್ಲಿ ಕೂತು ಹೊಸ ಚಿತ್ರ ಬರೆದೆವು. ಎರಡು ಆಸರೆ: ಒಂದು ಮೀನಖಂಡದ ಅಡಿಗೆ, ಒಂದು ಹಿಮ್ಮಡಿಗೆ. ನಡುವೆ ಗಾಯದ ಜಾಗ ಖಾಲಿ, ಸುರುಳಿ ಸುತ್ತ ತಿರುಗಲು. ಸ್ವಿಚ್ಚನ್ನು ಪೆಡಲ್ ಮಾಡೋಣ ಅಂತ ಒಬ್ಬಳು ಅಂದಳು, ಆದರೆ ಬಲಗಾಲಿಗೂ ಸ್ಪರ್ಶ ಅಷ್ಟಕ್ಕಷ್ಟೇ. ಒತ್ತಿದ್ದು ಗೊತ್ತೇ ಆಗದೆ ಹೋಗಬಹುದು. ಹಾಗಾಗಿ ಕುರ್ಚಿಯ ಕೈಯ ಮೇಲೆ ಸ್ವಿಚ್. ಒತ್ತಿದರೆ ಏರುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಆಸರೆಯಲ್ಲಿ ತೂಕ ಅಳೆಯುವ ಲೋಡ್ ಸೆಲ್ ಇರುತ್ತದೆ, ಏರುವಾಗ ಭಾರ ತಟ್ಟನೆ ಬದಲಾದರೆ ಮೋಟಾರ್ ತಾನೇ ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಸರಿಯಾದ ವರ್ಮ್ ಗೇರ್ ಹಾಕಿದರೆ ಮೋಟಾರ್ ಗೇರನ್ನು ತಿರುಗಿಸುತ್ತದೆಯೇ ಹೊರತು ಕಾಲಿನ ಭಾರ ಮೋಟಾರನ್ನು ತಿರುಗಿಸಲಾರದು. ಕರೆಂಟ್ ಹೋದರೂ ಕಾಲು ಇದ್ದಲ್ಲೇ ಇರುತ್ತದೆ. ನಿಧಾನ ಇಳಿಸಲು ಕೈಯಲ್ಲಿ ತಿರುಗಿಸುವ ಒಂದು ಹಿಡಿಕೆ. ಗಾಜ್ ಬಟ್ಟೆ ಪೂರ್ತಿ ನೆನೆಯುವ ತನಕ, ಬೇಕಾದಷ್ಟು ಹೊತ್ತು ಕಾಯಬಹುದು. ನನಗೆ ಈ ಯಂತ್ರದಿಂದ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಅದೇ.

ಈಗಿನ ತಲೆಬಿಸಿ ಮೆತ್ತೆಯದು. ಸ್ಪಂಜ್ ಬರಿದೇ ಇದ್ದರೆ ಕೀವು ಹೀರಿಕೊಳ್ಳುತ್ತದೆ. ರೆಕ್ಸಿನ್ ಹೊದಿಸಿದರೆ ಹೊಲಿಗೆಯ ಸಂದಿಯಲ್ಲಿ ಕೊಳೆ ಕೂರುತ್ತದೆ. ಹೊಲಿಗೆಯೇ ಇಲ್ಲದ, ಒರೆಸಿದರೆ ಸ್ವಚ್ಛವಾಗುವ ಮೆತ್ತೆ ಬೇಕು. ಉಡುಪಿಯಲ್ಲಿ ಸ್ಕೂಟರ್ ಸೀಟ್ ಮಾಡುವವರೊಬ್ಬರು ದೊಡ್ಡಮ್ಮನಿಗೆ ಗುರ್ತವಂತೆ. ಮೊದಲು ಅವರ ಹತ್ತಿರ ಕೇಳಿ ನೋಡಬೇಕು.