ಅವ್ವನ ಬೆನ್ನಿನ ಲೆಕ್ಕ

ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಚೀಟಿ ಎಸೆದು ಗೊತ್ತಿಲ್ಲ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತನೇ ರಾತ್ರಿ, ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು, ಕ್ಯಾರಿಬ್ಯಾಗಿನಲ್ಲಿದ್ದ ಚೀಟಿಗಳನ್ನೆಲ್ಲ ಸುರುವಿಕೊಂಡೆ. ಮರುದಿನ ಡಿಸ್ಚಾರ್ಜ್.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಸರ್ಕಾರಿ ಆರೋಗ್ಯ ಕಾರ್ಡ್ ಮೇಲೆ ಆಯಿತು. ನಮ್ಮ ಕೈಯಿಂದ ಹೋದದ್ದು ವಾಕರ್‌ಗೆ ಕೊಟ್ಟ 1,900 ರೂಪಾಯಿ, ಅಷ್ಟೇ. ಹತ್ತು ದಿನಕ್ಕೆ ಮನೆಗೆ ಅಂದಿದ್ದರು. ಎಂಟನೇ ದಿನ ಸಿಸ್ಟರ್ ಬೆಡ್‌ಶೀಟ್ ಬದಲಿಸಲು ಅವಳನ್ನು ಮಗ್ಗುಲಾಗಿಸಿ, "ಇಲ್ಲಿ ನೋಡ್ರಿ" ಅಂದರು. ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವ ಕಡೆ ಅಂಗೈಯಷ್ಟು ಅಗಲ ಕಪ್ಪಾಗಿತ್ತು. ನಡುವೆ ಚರ್ಮ ಸುಲಿದು ಒದ್ದೆ. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು.

ಬೆಳ್ಳಗಿನವರಿಗೆ ಮೊದಲು ಕೆಂಪಾಗುವುದು ಕಾಣುತ್ತದಂತೆ. ಅವ್ವನಂಥ ಕಪ್ಪು ಮೈಯಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಮುಟ್ಟಿ ನೋಡಬೇಕು, ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ. ನಾವು ಮುಟ್ಟಿರಲೇ ಇಲ್ಲ. ನೋವಾಗುತ್ತದೆ ಅಂತ ಅಲುಗಿಸಿಯೂ ಇರಲಿಲ್ಲ. ಎಲುಬು ಒಂದು ಕಡೆ, ಹಾಸಿಗೆ ಒಂದು ಕಡೆ, ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗದೆ ಸತ್ತಿತ್ತು. ಮೇ ತಿಂಗಳ ಬೆವರು, ಅವ್ವನ ಶುಗರ್ ಬೇರೆ.

ಆಮೇಲೆ ಖರ್ಚು ಶುರುವಾಯಿತು. ಯಾರೋ ಹೇಳಿದರು ಅಂತ ಗಾಳಿ ತುಂಬುವ ರಿಂಗ್ ತಂದೆ, 400 ರೂಪಾಯಿ. ಡಾಕ್ಟರ್ ಅದನ್ನು ತೆಗೆಸಿದರು. ರಿಂಗಿನ ಅಂಚು ಸುತ್ತಲೂ ಒತ್ತುವುದರಿಂದ ಗಾಯ ಇನ್ನೂ ಕೆಡುತ್ತದೆ. ಏರ್ ಬೆಡ್ 3,500. ಅದರ ಪಂಪು ರಾತ್ರಿಯೆಲ್ಲ ಗುಂಯ್ ಅನ್ನುತ್ತಿತ್ತು. ಒಂದು ಸಾಲಿನ ಗುಳ್ಳೆ ಉಬ್ಬಿದರೆ ಪಕ್ಕದ ಸಾಲು ಇಳಿಯುತ್ತಿತ್ತು. "ಎತ್ತಿನ ಬಂಡ್ಯಾಗ ಮಲಗಿಸೀಯಲ್ಲೋ" ಅಂತ ಅವ್ವ ಬೈದಳು. ಸತ್ತ ಮಾಂಸ ಕತ್ತರಿಸಿ ತೆಗೆದ ಮೇಲೆ ದಿನಾ ಡ್ರೆಸ್ಸಿಂಗ್. ಗಾಯದೊಳಗೆ ಗಾಜ್ ಬಟ್ಟೆ ತುರುಕುವಾಗ ಅದು ಎಷ್ಟು ಆಳ ಹೋಗುತ್ತಿತ್ತೆಂದರೆ, ನಾನು ಗೋಡೆ ನೋಡುತ್ತಿದ್ದೆ.

ಡ್ರೆಸ್ಸಿಂಗ್ 7,800. ಕೀವಾಗಿದ್ದಕ್ಕೆ ಇಂಜೆಕ್ಷನ್ 9,600. ಮೊಟ್ಟೆ, ಪ್ರೋಟೀನ್ ಪುಡಿ 2,900. ಡೈಪರ್, ಪ್ಯಾಡ್ 3,300. ರಿಂಗು, ಏರ್ ಬೆಡ್ ಕೂಡಿಸಿ ಒಟ್ಟು 27,500. ಎಲುಬಿಗಿಂತ ಹುಣ್ಣೇ ದುಬಾರಿ ಅಲ್ವಾ?

ನಿದ್ದೆ ಬರಲಿಲ್ಲ. ಸುಮ್ನೆ ಫೋನಲ್ಲಿ ಹುಡುಕಿದೆ. ಬ್ರಿಟನ್‌ನವರು ಈ ಲೆಕ್ಕ ಹಾಕಿದ್ದಾರೆ. 2004ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಲ್ಲಿ ಬೆಡ್ ಸೋರ್‌ಗೆ ವರ್ಷಕ್ಕೆ 140ರಿಂದ 210 ಕೋಟಿ ಪೌಂಡ್. ಸರ್ಕಾರ ಆರೋಗ್ಯಕ್ಕೆ ಹಾಕುವ ದುಡ್ಡಿನಲ್ಲಿ ಸುಮಾರು 4 ಪರ್ಸೆಂಟ್. ಬರೀ ಚರ್ಮ ಕೆಂಪಾದ ಹಂತದಲ್ಲಿ ಒಬ್ಬರಿಗೆ 1,064 ಪೌಂಡ್, ಎಲುಬಿನ ತನಕ ಹೋದರೆ 10,551. ಅಮೆರಿಕದಲ್ಲಿ 2008ರಿಂದ, ಆಸ್ಪತ್ರೆಯಲ್ಲೇ ಆದ ಆಳದ ಹುಣ್ಣಿಗೆ ಮೆಡಿಕೇರ್, ಅಂದರೆ ಅಲ್ಲಿನ ವಯಸ್ಸಾದವರ ಸರ್ಕಾರಿ ವಿಮೆ, ಆಸ್ಪತ್ರೆಗೆ ಹೆಚ್ಚಿನ ದುಡ್ಡು ಕೊಡುವುದಿಲ್ಲ. ಇದನ್ನು ಓದಿ ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಬ್ರಿಟನ್ನಿನ ಆ ದುಡ್ಡಿನಲ್ಲಿ ಔಷಧ, ಹಾಸಿಗೆ ಕಡಿಮೆ. ದೊಡ್ಡ ಪಾಲು ನರ್ಸ್‌ಗಳ ಸಮಯ. ನಮ್ಮ ವಾರ್ಡಿನಲ್ಲಿ ರಾತ್ರಿ ಮೂವತ್ತು ಹಾಸಿಗೆಗೆ ಇಬ್ಬರು ಸಿಸ್ಟರ್. ಎರಡೆರಡು ತಾಸಿಗೆ ಯಾರನ್ನು ಅಂತ ಹೊರಳಿಸುತ್ತಾರೆ? ಆ ಕೆಲಸ ನಾನು, ತಮ್ಮ ಮಾಡಿದ್ದು. ತಮ್ಮ ಗಾರೆ ಕೆಲಸದವನು, ದಿನಕ್ಕೆ 800. ಹುಣ್ಣಿನಿಂದ ಹೆಚ್ಚಾದ ಇಪ್ಪತ್ತೊಂದು ದಿನಕ್ಕೆ 16,800. ಇದಕ್ಕೆ ಚೀಟಿ ಇಲ್ಲ. ಆದರೂ ಬರೆದೆ. ನನ್ನ ರಜೆ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಡಾಕ್ಟರ್ ಪ್ರಕಾರ ಮನೆಗೆ ಹೋದ ಮೇಲೂ ಎರಡು ತಿಂಗಳು ಡ್ರೆಸ್ಸಿಂಗ್. ಆ ಕಾಲಂ ಖಾಲಿ ಬಿಟ್ಟೆ.

ಎರಡು ಗಂಟೆಗೆ ಅಲಾರಾಂ ಹೊಡೆಯಿತು. ಒಳಗೆ ಹೋಗಿ, ಭುಜದ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಹಾಕಿ ಅವ್ವನನ್ನು ಎಡಕ್ಕೆ ಹೊರಳಿಸಿದೆ. ಬೆನ್ನಿಗೆ ದಿಂಬು ಕೊಟ್ಟೆ.

"ಎಷ್ಟ್ ಆತೋ?" ಅಂದಳು.

"ಜಾಸ್ತಿ ಏನಿಲ್ಲಬೇ."

"ಮತ್ತ ಇಷ್ಟೊತ್ತನಾ ಏನ್ ಬರ್ಯಾಕತ್ತಿದ್ದಿ?"

ನಾಲ್ಕು ಗಂಟೆಗೆ ಅಲಾರಾಂ ಇಟ್ಟು ಲೈಟ್ ಆರಿಸಿದೆ.